ಸೈಡರ್ ಬಾಟಲಿಯ ಗ್ಯಾಸ್ ಎಲ್ಲಿ ಹೋಯಿತು?

ಗುಳ್ಳೆ ಬರಲೆಂದು ಸ್ವಲ್ಪ ಸಕ್ಕರೆ ಬೆರೆಸಿ ಮನೆಯಲ್ಲಿ ಬಾಟಲಿಗೆ ತುಂಬಿಟ್ಟ ಸೇಬಿನ ಸೈಡರ್ (ಹುದುಗಿಸಿದ ಸೇಬಿನ ರಸ), ಮುಚ್ಚಳ ತೆಗೆದಾಗ ‘ಚುಸ್’ ಅನ್ನದಿದ್ದರೆ ತಕ್ಷಣ ಸಕ್ಕರೆ ಡಬ್ಬಿಗೆ ಕೈ ಹಾಕಬೇಡಿ. ಇನ್ನೊಂದು ಬಾಟಲಿಯನ್ನು ಎರಡು ದಿನ ಫ್ರಿಜ್ಜಿನಲ್ಲಿ ನಿಲ್ಲಿಸಿಟ್ಟು ತೆರೆಯಿರಿ. ಬೆಚ್ಚಗಿದ್ದರೆ ಗ್ಯಾಸ್ ದ್ರವದಲ್ಲಿ ನಿಲ್ಲದೆ ತೆರೆದ ಕೂಡಲೇ ಹಾರಿಹೋಗುತ್ತದೆ.

ಆಗಲೂ ಚಪ್ಪೆಯೇ? ಸ್ವಲ್ಪ ಸೈಡರನ್ನು ಚೆನ್ನಾಗಿ ಕಲಕಿ, 20 ಡಿಗ್ರಿಗೆ ಬಂದ ಮೇಲೆ ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ತೇಲುಗೊಳವೆ) ಹಾಕಿ. ಬರೀ ನೀರಿಗೆ ಅದು 1.000 ತೋರಿಸುತ್ತದೆ. ತುಂಬುವಾಗ ಲೀಟರಿಗೆ 6ರಿಂದ 7 ಗ್ರಾಂ ಸಕ್ಕರೆ ಬೆರೆಸಿದ್ದರೆ 1.000 ಇದ್ದದ್ದು ಸುಮಾರು 1.0025ಕ್ಕೆ ಏರಿರುತ್ತದೆ. ಅಷ್ಟು ಸಿಹಿ ಹುಳಿ ಸೈಡರಿನಲ್ಲಿ ನಾಲಿಗೆಗೆ ಸಿಗುವುದೇ ಕಷ್ಟ, ಉಪಕರಣವನ್ನೇ ನಂಬಿ.

ಅಳತೆ ಇಳಿದಿಲ್ಲವೆಂದರೆ ಯೀಸ್ಟ್ ಆ ಸಕ್ಕರೆಯನ್ನು ತಿಂದು ಗ್ಯಾಸ್ ಮಾಡಿಲ್ಲ: ಗ್ಯಾಸ್ ಸೋರಿಲ್ಲ, ಹುಟ್ಟೇ ಇಲ್ಲ. ಇಂಗ್ಲೆಂಡಿನ ಚಳಿಗಾಲದ ಗ್ಯಾರೇಜಿನಲ್ಲಿ 8–10 ಡಿಗ್ರಿಯಲ್ಲಿಟ್ಟರೆ ಯೀಸ್ಟ್ ಮಲಗಿಬಿಡುತ್ತದೆ. ಬಾಟಲಿಗಳನ್ನು ಮನೆಯೊಳಗೆ 20–22 ಡಿಗ್ರಿಗೆ ತಂದು, ಒಮ್ಮೆ ತಲೆಕೆಳಗು ಮಾಡಿ ತಳದ ಗಸಿ ಎಬ್ಬಿಸಿ, ಮೂರು ವಾರ ಬಿಡಿ. ತಿಂಗಳುಗಟ್ಟಲೆ ಹಳೆಯದಾದ ಸೈಡರಿನಲ್ಲಿ ಯೀಸ್ಟೇ ಉಳಿದಿರದಿರಬಹುದು. ಆಗ 1 ಗ್ರಾಂ ಒಣ ಯೀಸ್ಟನ್ನು 10 ಮಿ.ಲೀ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಬಾಟಲಿಗೆ ನಾಲ್ಕೈದು ಹನಿ ಬಿಟ್ಟು ಮತ್ತೆ ಮುಚ್ಚಿ. ಸಕ್ಕರೆ ಮಾತ್ರ ಸೇರಿಸಬೇಡಿ. ಒಳಗೆ ಇರುವುದರ ಮೇಲೆ ಇನ್ನಷ್ಟು ಸುರಿದರೆ ಬಾಟಲಿ ಸಿಡಿಯುತ್ತದೆ. ಕೆಡದಿರಲೆಂದು ಪೊಟ್ಯಾಸಿಯಂ ಸಾರ್ಬೇಟ್ ಎಂಬ ಸಂರಕ್ಷಕ ಹಾಕಿದ್ದ ಸೈಡರಾದರೆ ಈ ಯಾವ ಉಪಾಯವನ್ನೂ ನೆಚ್ಚಬೇಡಿ, ಅದರಲ್ಲಿ ಯೀಸ್ಟ್ ಸಂಖ್ಯೆ ಬೆಳೆಯುವುದೇ ಇಲ್ಲ.

ಅಳತೆ 1.000ಕ್ಕೆ ಇಳಿದಿದ್ದೂ ಗುಳ್ಳೆ ಇಲ್ಲವೆಂದರೆ ಕಳ್ಳ ಮುಚ್ಚಳದಲ್ಲಿದ್ದಾನೆ. ತೆರೆಯದ ಬಾಟಲಿಯ ಕತ್ತನ್ನು ಬೆಚ್ಚಗಿನ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಸೋರುವ ಕಡೆ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಮೇಲೇಳುತ್ತವೆ. ಕ್ಲಿಪ್ ಮುಚ್ಚಳದ ರಬ್ಬರ್ ಉಂಗುರ ಹಳೆ ಕುಕ್ಕರಿನ ಗ್ಯಾಸ್ಕೆಟ್ಟಿನಂತೆ ಬಿರುಸಾಗಿದ್ದರೆ ಬದಲಿಸಿ. ಲೋಹದ ಮುಚ್ಚಳ ಬೆರಳಲ್ಲಿ ತಿರುಗಿದರೆ ಸರಿಯಾಗಿ ಕಚ್ಚಿಲ್ಲವೆಂದೇ ಅರ್ಥ. ಬಿಯರ್ ಬಾಟಲಿಗೆ ಸಾಮಾನ್ಯವಾಗಿ 26 ಮಿ.ಮೀ. ಮುಚ್ಚಳ, ಯುರೋಪಿನ ಹಲವು ಶಾಂಪೇನ್ ಬಾಟಲಿಗಳಿಗೆ 29. ತಿರುಗಿಸಿ ತೆಗೆಯುವ ಬಾಟಲಿಗಳನ್ನು ಈ ಕೆಲಸಕ್ಕೆ ಬಳಸದಿರುವುದೇ ವಾಸಿ.

ಸೋರಿಕೆ ಸರಿಮಾಡಿದ ಮೇಲೆ 50 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕುದಿಸಿ 100 ಮಿ.ಲೀ. ಪಾಕ ಮಾಡಿ, ಆರಿಸಿ, ಸಿರಿಂಜಿನಲ್ಲಿ ಅಳೆದು 750 ಮಿ.ಲೀ. ಬಾಟಲಿಗೆ 10 ಮಿ.ಲೀ. ಬಿಡಿ. ಒಣ ಸಕ್ಕರೆ ಸುರಿದರೆ ಉಳಿದಿದ್ದ ಗ್ಯಾಸೂ ನೊರೆಯಾಗಿ ಉಕ್ಕಿ, ಸೈಡರ್ ಮೇಜಿನ ಮೇಲೆ. ಕತ್ತಿನಲ್ಲಿ ಎರಡೂವರೆ ಸೆಂ.ಮೀ. ಖಾಲಿ ಬಿಡಿ. ತೆಳು ಗಾಜಿನ ವೈನ್ ಬಾಟಲಿ ಬೇಡ. ಜೊತೆಗೆ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಗೂ ತುಂಬಿಡಿ: ಅದು ಅದುಮಿದರೆ ತಗ್ಗದಷ್ಟು ಬಿಗಿಯಾದ ದಿನ ಎಲ್ಲವನ್ನೂ ಫ್ರಿಜ್ಜಿಗೆ ಸೇರಿಸಿ.