ಬಿ.ಎಡ್. ವಿದ್ಯಾರ್ಥಿಗಳಿಗೆ: ಸ್ಕ್ರ್ಯಾಚ್‌ನಲ್ಲಿ ಕೆಆರ್‌ಎಸ್ ಲೆಕ್ಕ

ಕೋಡಿಂಗ್ ಕಂಪ್ಯೂಟರ್ ಮೇಷ್ಟ್ರ ಕೆಲಸ ಎಂಬ ಅಳುಕು ಮಂಡ್ಯದ ಬಿ.ಎಡ್. ವಿದ್ಯಾರ್ಥಿಗಳಲ್ಲೂ ಇದ್ದೀತು. ನಿಮ್ಮದೇ ಪಾಠಕ್ಕೆ ಒಂದು ಲೆಕ್ಕ ಕಟ್ಟಿದರೆ ಅದು ಕರಗುತ್ತದೆ. ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಂ ಕಟ್ಟುವ ಉಚಿತ ಸ್ಕ್ರ್ಯಾಚ್ ಆ್ಯಪ್ ಇಳಿಸಿಕೊಳ್ಳಿ. ಆಮೇಲೆ ಇಂಟರ್‌ನೆಟ್ ಬೇಡ.

ಕೆಆರ್‌ಎಸ್ ಜಲಾಶಯದ ನೀರಿನ ಮಟ್ಟವನ್ನು ಅಡಿಗಳಲ್ಲಿ ಇಡಲು ‘ಮಟ್ಟ’ ಎಂಬ ವೇರಿಯಬಲ್ (ಬದಲಾಗುವ ಸಂಖ್ಯೆಯ ಜಾಗ) ಮಾಡಿ, ‘ಪಿಕ್ ರ್‍ಯಾಂಡಮ್’ ಬ್ಲಾಕ್‌ನಿಂದ 90ರಿಂದ 120ರೊಳಗಿನ ಸಂಖ್ಯೆ ಕೊಡಿ. ‘ಆಸ್ಕ್ ಅಂಡ್ ವೇಟ್’ನಲ್ಲಿ ಕೇಳಿ: ಕೆಆರ್‌ಎಸ್ 124.80 ಅಡಿಗೆ ಭರ್ತಿಯಾಗಲು ಇನ್ನೆಷ್ಟು ಅಡಿ ಬೇಕು? ‘ಇಫ್ ಎಲ್ಸ್’ನಲ್ಲಿ ಉತ್ತರವನ್ನು 124.80ರಿಂದ ‘ಮಟ್ಟ’ ಕಳೆದ ವ್ಯತ್ಯಾಸಕ್ಕೆ ಹೋಲಿಸಿ.

ಎಡವುವುದು ಇಲ್ಲೇ. ಮಟ್ಟ 110 ಇದ್ದಾಗ ಮಗು 14.8 ಎಂದು ಸರಿಯಾಗಿ ಬರೆದರೂ ಸ್ಕ್ರ್ಯಾಚ್ ‘ತಪ್ಪು’ ಎನ್ನುತ್ತದೆ. ಕಂಪ್ಯೂಟರ್ ದಶಮಾಂಶವನ್ನು ದ್ವಿಮಾನದಲ್ಲಿ (0 ಮತ್ತು 1 ಮಾತ್ರ ಬಳಸಿ) ಇಡುವುದರಿಂದ ಅದರ ಉತ್ತರ 14.799999999999997. ವ್ಯತ್ಯಾಸವನ್ನು 10ರಿಂದ ಗುಣಿಸಿ, ‘ರೌಂಡ್’ ಮಾಡಿ, 10ರಿಂದ ಭಾಗಿಸಿ, ಬಳಿಕ ಹೋಲಿಸಿ. ಕನ್ನಡ ಅಂಕಿಗಳನ್ನು ಸ್ಕ್ರ್ಯಾಚ್ ಸಂಖ್ಯೆಯೆಂದು ಓದದು. 0–9 ಬಳಸಲು ಮೊದಲೇ ಹೇಳಿ. ತಪ್ಪಿದವರಿಗೆ ಬರೀ ‘ತಪ್ಪು’ ಬೇಡ, ಕಳೆಯುವ ಹಂತವನ್ನೂ ತೋರಿಸಿ. ಪಾಠ ನಡೆಯುವುದು ಅಲ್ಲೇ.