ನಮ್ಮ ಗುಂಡನ ಶುಗರ್ ಮತ್ತು ಕೆಂಪು ಮುಚ್ಚಳದ ಸಿರಿಂಜ್

ನಮ್ಮ ಬೆಕ್ಕು ಗುಂಡನಿಗೆ ಆಗ 10 ವರ್ಷ. ತೂಕ 6 ಕಿಲೋ ದಾಟಿತ್ತು. ನೀರಿನ ಬಟ್ಟಲು ದಿನಕ್ಕೆ ಎರಡು ಸಲ ಖಾಲಿಯಾಗತೊಡಗಿತು. ಬೇಸಿಗೆ ಅಲ್ವಾ ಅಂತ ಸುಮ್ನೆ ಇದ್ದೆ. ಆಮೇಲೆ ನಡಿಗೆ ಬದಲಾಯಿತು. ಬೆರಳ ಮೇಲೆ ನಡೆಯಬೇಕಾದವನು ಹಿಂಗಾಲಿನ ಹಿಮ್ಮಡಿ ಊರಿ ನಡೆಯುತ್ತಿದ್ದ. ಶುಗರ್ ಜಾಸ್ತಿಯಾಗಿ ನರಗಳು ಸೋತಾಗ ಬೆಕ್ಕುಗಳು ಹಾಗೆ ನಡೆಯುತ್ತವೆ ಅಂತ ಡಾಕ್ಟರ್ ಹೇಳಿದ ಮೇಲೇ ಗೊತ್ತಾಗಿದ್ದು.

ರಕ್ತದಲ್ಲಿ 412 ಇತ್ತು. ಬೆಕ್ಕುಗಳಿಗೆ ಆಸ್ಪತ್ರೆಯ ಭಯಕ್ಕೇ ಶುಗರ್ ಏರುತ್ತದೆ. ಅದಕ್ಕೆ ಮೂತ್ರವನ್ನೂ ನೋಡಿದರು, ಹಿಂದಿನ ಎರಡು ವಾರಗಳ ಸರಾಸರಿ ತಿಳಿಸುವ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ಮಾಡಿಸಿದರು. ಕಾಯಿಲೆ ಖಚಿತವಾಯಿತು. ಗ್ಲಾರ್ಜಿನ್ ಇನ್ಸುಲಿನ್, ಬೆಳಿಗ್ಗೆ 7ಕ್ಕೆ 1 ಯೂನಿಟ್, ಸಂಜೆ 7ಕ್ಕೆ 1 ಯೂನಿಟ್.

ಚುಚ್ಚುವುದು ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಊಟ ಮಾಡುತ್ತಿರುವಾಗ ಪಕ್ಕೆಯ ಹತ್ತಿರ ಚರ್ಮ ಎತ್ತಿ ಹಿಡಿದು ಚುಚ್ಚಿದರೆ ಅವನು ತಲೆಯನ್ನೂ ಎತ್ತುವುದಿಲ್ಲ. ಸೂಜಿ ಅಷ್ಟು ಸಣ್ಣದು. ನಾನು ಎಡವಿದ್ದು ಬೇರೆ ಕಡೆ.

ಎರಡನೇ ವಾರ ಸಿರಿಂಜ್ ಮುಗಿಯಿತು. ಮೆಡಿಕಲ್ ಶಾಪಿನಲ್ಲಿ "ಇನ್ಸುಲಿನ್ ಸಿರಿಂಜ್ ಕೊಡಿ" ಅಂದೆ, ಕೊಟ್ಟರು. ಮುಚ್ಚಳ ಕೆಂಪಗಿತ್ತು. ಮೊದಲಿನದು ಕಿತ್ತಳೆ ಬಣ್ಣದ್ದು. ಕಂಪನಿ ಬೇರೆ ಇರಬೇಕು ಅಂದುಕೊಂಡು 1ರ ಗೆರೆವರೆಗೆ ತುಂಬಿ ಕೊಟ್ಟೆ.

ನಮ್ಮ ದೇಶದಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ. ಒಂದರಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಇನ್ನೊಂದರಲ್ಲಿ 100. ಕೆಂಪು ಮುಚ್ಚಳ 40ರದ್ದು, ಕಿತ್ತಳೆ 100ರದ್ದು. ಗುಂಡನ ಗ್ಲಾರ್ಜಿನ್ 100ರದ್ದು. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 1ರ ಗೆರೆವರೆಗೆ ಎಳೆದರೆ ಒಳಗೆ ಬರುವುದು ಎರಡೂವರೆ ಯೂನಿಟ್. ಮನುಷ್ಯರಿಗೇ ಈ ತಪ್ಪು ಅಪಾಯ. ಬೆಕ್ಕಿನ ಪುಟ್ಟ ಮೈಗೆ ಕೇಳಬೇಕೇ?

ರಾತ್ರಿ ಹನ್ನೊಂದೂವರೆಗೆ ಗುಂಡ ಸೋಫಾದ ಹಿಂದೆ ಕೂತಿದ್ದ. ಕರೆದರೆ ಬಂದ, ಆದರೆ ತೂರಾಡುತ್ತಾ ಬಂದ. ಅಮ್ಮನ ಗ್ಲುಕೋಮೀಟರ್ ತಂದು ಕಿವಿ ಚುಚ್ಚಿದೆ. 48. ಒಸಡಿಗೆ ಬೆರಳಲ್ಲಿ ಜೇನುತುಪ್ಪ ಸವರಿದೆ. ಗಂಟಲಿಗೆ ಸುರಿಯಬಾರದು, ಶ್ವಾಸಕ್ಕೆ ಹೋಗುತ್ತದೆ. ಡಾಕ್ಟರಿಗೆ ಫೋನ್ ಮಾಡಿದೆ. ನುಂಗುತ್ತಿದ್ದರೆ ಊಟ ಕೊಡಿ, ಪದೇ ಪದೇ ನೋಡಿ, ಏರದಿದ್ದರೆ ಅಥವಾ ಫಿಟ್ಸ್ ಬಂದರೆ ಹೊರಟುಬನ್ನಿ ಅಂದರು. 61, 55, ಮತ್ತೆ ಜೇನು, 72. ಬೆಳಗಿನ ಜಾವ ನಾಲ್ಕಕ್ಕೆ 130 ಕಂಡಾಗ ಅಮ್ಮ, ನಾನು ಇಬ್ಬರೂ ಅತ್ತುಬಿಟ್ಟೆವು. ಮುಚ್ಚಳದ ಬಣ್ಣದ ವಿಷಯ ತಿಳಿದದ್ದು ಬೆಳಿಗ್ಗೆ, ಎರಡೂ ಸಿರಿಂಜುಗಳನ್ನು ಡಾಕ್ಟರ್ ಮುಂದೆ ಇಟ್ಟಾಗ.

ಅಂದಿನಿಂದ ಶುಗರ್ ನೋಡದೆ ಇನ್ಸುಲಿನ್ ಚುಚ್ಚುವುದಿಲ್ಲ. ಕಿವಿಯ ಅಂಚಿನಲ್ಲಿ ಸಣ್ಣ ರಕ್ತನಾಳವಿದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅರ್ಧ ನಿಮಿಷ ಒತ್ತಿದರೆ ರಕ್ತ ಚೆನ್ನಾಗಿ ಬರುತ್ತದೆ. ಕಿವಿಯ ಹಿಂದೆ ಹತ್ತಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ನಿಮ್ಮ ಬೆರಳಿಗೇ ಚುಚ್ಚಿಕೊಳ್ಳುತ್ತೀರಿ. ಮುಗಿದ ಕೂಡಲೇ ಒಂದು ಚೂರು ಬೇಯಿಸಿದ ಚಿಕನ್. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ತೋರಿಸುತ್ತದೆ. ಅದಕ್ಕೆ ನಾನು ಮೀಟರ್ ಬದಲಿಸುವುದಿಲ್ಲ, ಯಾವ ಮೀಟರ್ ಅಂತ ಡಾಕ್ಟರಿಗೂ ಹೇಳಿದ್ದೇನೆ.

ತಿಂಗಳಿಗೊಮ್ಮೆ ಭಾನುವಾರ, ಎರಡು ಗಂಟೆಗೊಮ್ಮೆ ನೋಡಿ ಬರೆದಿಡುತ್ತೇನೆ. ಬೆಳಿಗ್ಗೆ ಎಷ್ಟಿತ್ತು ಅನ್ನುವುದಕ್ಕಿಂತ ಎಲ್ಲಿಯವರೆಗೆ ಇಳಿಯಿತು ಅನ್ನುವುದು ಮುಖ್ಯ. ಗುಂಡನಿಗೆ ಚುಚ್ಚಿದ ಐದಾರು ಗಂಟೆಗಳ ನಂತರ ತಳ ಮುಟ್ಟುತ್ತದೆ. ಬೆಳಗಿನ 300 ನೋಡಿ ಡೋಸ್ ಏರಿಸೋಣ ಅಂತ ನನಗೂ ಕೈ ತುರಿಸಿದ್ದುಂಟು. ಆದರೆ ಮಧ್ಯಾಹ್ನ ಅದೇ 95ಕ್ಕೆ ಇಳಿದಿತ್ತು! ಏರಿಸಿದ್ದರೆ ಆ ರಾತ್ರಿಯೇ ಮತ್ತೆ ಬರುತ್ತಿತ್ತು. ಡೋಸ್ ಏನಿದ್ದರೂ ಡಾಕ್ಟರ್ ಬದಲಿಸಲಿ, ಅದೂ ಕೆಲವು ದಿನಗಳ ಲೆಕ್ಕ ನೋಡಿ.

ಊಟದ ಬಗ್ಗೆ ಒಂದೇ ಮಾತು. ಒಣ ಬಿಸ್ಕತ್ತಿನಂಥ ಆಹಾರದಲ್ಲಿ ಪಿಷ್ಟ ಜಾಸ್ತಿ, ಹಾಲನ್ನ ಮೊಸರನ್ನವೂ ಅಷ್ಟೇ. ಅದನ್ನು ಬಿಡಿಸಿ ಮಾಂಸ ಹೆಚ್ಚಿರುವ, ಪೌಚ್‌ನಲ್ಲಿ ಸಿಗುವ ಮೆತ್ತನೆಯ ತೇವದ ಆಹಾರಕ್ಕೆ ನಿಧಾನವಾಗಿ ಬದಲಿಸಿದೆವು. ಊಟ ಬದಲಾದರೆ ಶುಗರ್ ತಾನೇ ಇಳಿಯಬಹುದು, ಹಾಗಾಗಿ ಆ ದಿನಗಳಲ್ಲಿ ಇನ್ನೂ ಹೆಚ್ಚು ಸಲ ನೋಡಬೇಕು.

ಕಳೆದ ತಿಂಗಳು ಮದುವೆಗೆ ಊರಿಗೆ ಹೋಗಬೇಕಿತ್ತು. ಪಕ್ಕದ ಮನೆ ಆಂಟಿ ನೋಡಿಕೊಳ್ಳುತ್ತೇನೆ ಅಂದರು. ಮೂರು ದಿನ ನನ್ನ ಜೊತೆ ಕೂತು ಕಲಿತರು. ಫ್ರಿಜ್ ಬಾಗಿಲಿಗೆ ಒಂದು ಕಿತ್ತಳೆ ಮುಚ್ಚಳವನ್ನೇ ಟೇಪ್ ಹಾಕಿ ಅಂಟಿಸಿ, ಕೆಳಗೆ ಬರೆದೆ: "ಆಂಟಿ, ಈ ಬಣ್ಣ ಮಾತ್ರ. ಅವನು ಊಟ ಮಾಡದಿದ್ದರೆ ಚುಚ್ಚಬೇಡಿ, ಮೊದಲು ನನಗೆ ಫೋನ್ ಮಾಡಿ. ಕೊಟ್ಟಿದ್ದೀರೋ ಇಲ್ಲವೋ ಅನುಮಾನ ಬಂದರೆ ಮತ್ತೆ ಕೊಡಬೇಡಿ. ಜೇನು ಎರಡನೇ ಶೆಲ್ಫಿನಲ್ಲಿದೆ."