ರೋಮಿಯೋ ಜೂಲಿಯೆಟ್‌ನ ಇರುಳಿಗೆ ನೀಲಿ ಜೆಲ್ ಬೇಡ: ನನ್ನ ಅನುಭವ

ಇರುಳು ಎಂದೊಡನೆ ನೀಲಿ ಜೆಲ್ (ದೀಪದ ಮುಂದಿಡುವ ಬಣ್ಣದ ಹಾಳೆ) ಹಚ್ಚುವ ರೂಢಿಯನ್ನು ಈ ನಾಟಕಕ್ಕೆ ಬಿಡೋಣ ಎಂದಾಗ ತಂಡದಲ್ಲಿ ಯಾರೂ ಒಪ್ಪಲಿಲ್ಲ. ಈಗ ಬೇರೆ ತಂಡದವರೇ ನನ್ನ ಬೆಳಕಿನ ವಿನ್ಯಾಸ ಕೇಳುತ್ತಿದ್ದಾರೆ.

ರೋಮಿಯೋನ ಗೆಳೆಯ ಮರ್ಕ್ಯುಷಿಯೋ, ಜೂಲಿಯೆಟ್‌ಳ ದಾಯಾದಿ ಟಿಬಾಲ್ಟ್ ಸಾಯುವುದು ಬಿರುಬಿಸಿಲಲ್ಲಿ. ಮೊದಲ ನೋಟ, ಬಾಲ್ಕನಿ, ಮೊದಲ ರಾತ್ರಿ ಎಲ್ಲವೂ ಇರುಳಲ್ಲಿ. ರೋಮಿಯೋಗೆ ಜೂಲಿಯೆಟ್ ಸೂರ್ಯ, ಅವಳಿಗೆ ಅವನು ಇರುಳೊಳಗಿನ ಹಗಲು. ನೀಲಿ ಹಾಕಿದರೆ ನಮ್ಮ ಮೈಬಣ್ಣ ಬೂದಿಯಾಗುತ್ತದೆ, ಕೆಂಪು ಉಡುಪು ಕಪ್ಪಾಗುತ್ತದೆ, ಮಾತು ಸುಳ್ಳಾಗುತ್ತದೆ.

ಹಗಲಿಗೆ ಜೆಲ್ ಇಲ್ಲದ ಆರು ಪಾರ್ (ನೇರ, ಪ್ರಖರ ಕಿರಣದ ದೀಪ), ನೆತ್ತಿಯ ಮೇಲಿಂದ, ಶೇ. 90 ಪ್ರಖರತೆಯಲ್ಲಿ. ಇರುಳಿಗೆ ಸಾವಿರ ವ್ಯಾಟ್‌ನ ಎರಡು ಫ್ರೆನೆಲ್ (ಅಂಚು ಮೃದುವಾದ ಕಿರಣದ ದೀಪ), ಪಕ್ಕದಿಂದ, ತೆಳು ಹಳದಿ, ಶೇ. 40. ಈ ಹಳೆಯ ಹ್ಯಾಲೊಜನ್ ದೀಪಗಳ ಬೆಳಕು ಇಳಿಸಿದಷ್ಟೂ ತಾನೇ ಕೆಂಪಾಗುತ್ತದೆ, ಹಾಗಾಗಿ ಗಾಢ ಆಂಬರ್ (ಕಿತ್ತಳೆ ಹಳದಿ) ಜೆಲ್ ಬೇಡ. ಅಗ್ಗದ ಎಲ್‌ಇಡಿ ತಳಮಟ್ಟದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಹಳೆಯ ದೀಪಗಳಿಂದ ಬಾಡಿಗೆಯೂ 7,000 ರೂಪಾಯಿ ಆಸುಪಾಸಿನಲ್ಲೇ ಮುಗಿಯಿತು. ಎಲ್‌ಇಡಿಗೆ ಹೆಚ್ಚುಕಡಿಮೆ ಎರಡರಷ್ಟು ಕೇಳಿದ್ದರು.

ನಿಜವಾದ ಕೆಲಸ ಮೂರನೆಯ ಅಂಕದ ಐದನೆಯ ದೃಶ್ಯದಲ್ಲಿ, ಮೊದಲ ರಾತ್ರಿ ಕಳೆದು ಇಬ್ಬರೂ ಬೀಳ್ಕೊಡುವ ಬೆಳಗಿನಲ್ಲಿ. ಬೆಳಕು ಹೆಚ್ಚಿದಂತೆ ನಮ್ಮ ದುಃಖ ಕಪ್ಪಾಗುತ್ತಿದೆ ಎನ್ನುತ್ತಾನೆ ರೋಮಿಯೋ. ಮುಂದಿನಿಂದ ಬೆಳಗು ಮಾಡಿದರೆ ಮುಖಗಳು ಅರಳಿ, ಮಾತು ಬಿದ್ದುಹೋಗುತ್ತದೆ. ಆದ್ದರಿಂದ ಕಿಟಕಿಯ ಹಿಂದೆ ಸಾವಿರ ವ್ಯಾಟ್‌ನ ಒಂದೇ ದೀಪ, ತೆಳು ನೀಲಿ ಕರೆಕ್ಷನ್ ಜೆಲ್ (ದೀಪದ ಹಳದಿಯನ್ನು ಹಗಲ ಬಿಳುಪಿಗೆ ತರುವ ಹಾಳೆ). ಇಡೀ ನಾಟಕದಲ್ಲಿ ನೀಲಿ ಇಲ್ಲೊಂದೇ ಕಡೆ, ಅದೂ ಬೆಳಗಿಗೆ! ನಾಲ್ಕು ನಿಮಿಷದಲ್ಲಿ ಕಿಟಕಿ ಶೇ. 15ರಿಂದ 80ಕ್ಕೆ ಏರಬೇಕು, ಪಕ್ಕದ ದೀಪ 40ರಿಂದ 10ಕ್ಕೆ ಇಳಿಯಬೇಕು. ಆಗ ಮುಖಗಳು ಕಪ್ಪಾಗುತ್ತಾ ಹೋಗುತ್ತವೆ. ಸೊನ್ನೆಯಿಂದ ಶುರು ಮಾಡಿದರೆ ಮೊದಲ ನಿಮಿಷ ಏನೂ ಕಾಣದು, ಗಾಬರಿಯಲ್ಲಿ ಆಪರೇಟರ್ ಸರ್ರನೆ ಏರಿಸಿಬಿಡುತ್ತಾನೆ. ಹಿಂದಿನ ದೃಶ್ಯದಲ್ಲೇ 15ಕ್ಕೆ ತಂದಿಡಿ. ಮುಂದಿನ ಸಾಲಿನವರ ಕಣ್ಣಿಗೆ ಚುಚ್ಚದಿರಲು ಟ್ರೇಸಿಂಗ್ ಪೇಪರ್ ಕಟ್ಟಬೇಕು, ದೀಪದಿಂದ ಎರಡು ಅಡಿ ದೂರ, ಹತ್ತಿರವಾದರೆ ಸುಡುತ್ತದೆ. ‘ಕಿಟಕಿಯೇ, ಹಗಲನ್ನು ಒಳಗೆ ಬಿಡು, ಜೀವವನ್ನು ಹೊರಗೆ ಬಿಡು’ ಎಂದು ಜೂಲಿಯೆಟ್ ಹೇಳುವಾಗ ಕಿಟಕಿಯ ಬಾಗಿಲು ಪೂರ್ತಿ ತೆರೆಯಲಿ.

ಹಕ್ಕಿ ಕೂಗನ್ನೂ ಹಾಕಿ ನೋಡಿದೆವು. ಬೆಳಗಿನ ಹಕ್ಕಿ ಲಾರ್ಕ್‌ನ ದನಿ ಕೇಳಿಬಿಟ್ಟರೆ ಅದು ಇರುಳ ಹಕ್ಕಿ ನೈಟಿಂಗೇಲ್ ಎಂದು ಜೂಲಿಯೆಟ್ ಹೂಡುವ ವಾದ ಆರಂಭದಲ್ಲೇ ಸೋಲುತ್ತದೆ. ದನಿಯೇ ಬೇಡ.

ಗೋರಿಯಲ್ಲಿ ಅವಳ ಚೆಲುವೇ ದೀಪ ಎನ್ನುತ್ತಾನೆ ರೋಮಿಯೋ. ಅಲ್ಲಿ ಬೆಳಕಿನ ಮೂಲವನ್ನು ಎಲ್ಲಿಟ್ಟೆ ಎಂಬುದು ನನ್ನಲ್ಲೇ ಇರಲಿ, ಪಂಜಿನಲ್ಲಂತೂ ಅಲ್ಲ. ಕೊನೆಯಲ್ಲಿ ಸೂರ್ಯ ತಲೆ ಎತ್ತಲಾರ ಎಂದು ವೆರೋನಾದ ದೊರೆ ಹೇಳುವುದರಿಂದ ಪಾರ್‌ಗಳು ಶೇ. 30 ದಾಟಬಾರದು. ನಟರು ನಮಸ್ಕರಿಸುವಾಗಲೂ ಅಷ್ಟೇ ಇಡಿ.